ಚರಂಡಿಗೆ ಬಿದ್ದ ಔಷಧಿ ಎಲ್ಲಿ ಹೋಗುತ್ತದೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಮೈಸೂರಿನ ನಜರ್‌ಬಾದ್‌ನಲ್ಲಿ ಸೇರಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಸಂಘ ಹುಟ್ಟಿದ್ದು, ಬೆಳೆದದ್ದು, ಕ್ಯಾನು ಹೊತ್ತುಕೊಂಡು ಹೋಗ್ತಿದ್ದ ಕಾಲ, ಬೋನಸ್ಸಿನ ಲೆಕ್ಕ, ಇವನ್ನೆಲ್ಲ ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿಯೇ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿದರೆ ನೀವು ಎದ್ದು ಹೋಗುತ್ತೀರಿ. ಆದ್ದರಿಂದ ನಾನು ಬೇರೆ ಒಂದು ವಿಷಯ ಎತ್ತಿಕೊಂಡಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಓದಿದವನು. ಇದರಲ್ಲಿ ಬರುವ ವಿಜ್ಞಾನ ನನ್ನದಲ್ಲ. ನಮ್ಮ ಅಣ್ಣನ ಮಗಳು ಮಾನಸಗಂಗೋತ್ರಿಯಲ್ಲಿ ಪರಿಸರ ವಿಜ್ಞಾನ ಎಂ.ಎಸ್ಸಿ. ಮಾಡಿದ್ದಾಳೆ, ಅವಳನ್ನು ಕೂರಿಸಿಕೊಂಡು ಕೇಳಿ ಬರೆದುಕೊಂಡದ್ದು. ತಪ್ಪೇನಾದರೂ ಇದ್ದರೆ ನಾನು ಬರೆದುಕೊಂಡದ್ದರಲ್ಲಿ ತಪ್ಪು, ಅವಳದ್ದಲ್ಲ.

ನಾವು ಈಗ ಕೂತಿರುವುದು ನಜರ್‌ಬಾದ್‌ನಲ್ಲಿ. ಹಳ್ಳಿಯವರಿಗೆ ನಜರ್‌ಬಾದ್ ಅಂದರೆ ಮಿನಿ ವಿಧಾನಸೌಧ. ಪಹಣಿ, ಖಾತೆ, ಪೋಡಿ ಅಂತ ಇಲ್ಲಿಗೆ ಬಂದು ಚಪ್ಪಲಿ ಸವೆಸದವರು ಈ ಸಭೆಯಲ್ಲಿ ಯಾರೂ ಇಲ್ಲ ಅಂದುಕೊಂಡಿದ್ದೇನೆ. ಇಲ್ಲಿಂದ ಸ್ವಲ್ಪ ದೂರ ನಡೆದರೆ ಮೃಗಾಲಯ, ಅದರ ಹಿಂದೆ ಕಾರಂಜಿ ಕೆರೆ. ಈಗ ದುಡ್ಡು ಕೊಟ್ಟು ಒಳಗೆ ಹೋಗಿ ನವಿಲು ನೋಡುವ ಜಾಗ. ನಾನು ಹುಡುಗನಾಗಿದ್ದಾಗ ಹಾಗಿರಲಿಲ್ಲ. ಊರಿನ ಕೊಳಚೆ ನೀರು ಅದಕ್ಕೆ ಹರಿಯುತ್ತಿತ್ತು, ಮೂಗು ಮುಚ್ಚಿಕೊಂಡು ಹೋಗಬೇಕಿತ್ತು. ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ಹಣದಲ್ಲಿ ಕೆರೆ ದುರಸ್ತಿ ಮಾಡಿದರು, ಕೊಳಚೆಯನ್ನು ಬೇರೆ ಕಡೆಗೆ ತಿರುಗಿಸಿದರು. ಬಹಳ ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೆಳಗಿನ ಊರಿನವನಾದ ನನಗೆ ಆಗ ಒಂದು ಪ್ರಶ್ನೆ ಹುಟ್ಟಿತು. ತಿರುಗಿಸಿದ ನೀರು ಎಲ್ಲಿಗೆ ಹೋಯಿತು?

ಮೈಸೂರು ಇರುವುದು ದಿಣ್ಣೆಯ ಮೇಲೆ. ಬಡಗಲ ಕಡೆ ಬಿದ್ದ ನೀರು ಕಾವೇರಿಗೆ ಇಳಿಯುತ್ತೆ, ತೆಂಕಲ ಕಡೆ ಬಿದ್ದದ್ದು ಕಬಿನಿಗೆ. ಎರಡೂ ತಿರುಮಕೂಡಲಿನಲ್ಲಿ ಒಂದಾಗ್ತವೆ. ನಗರದ ಚರಂಡಿ ನೀರಿಗೆ ಕೆಸರೆ, ವಿದ್ಯಾರಣ್ಯಪುರ, ರಾಯನಕೆರೆ ಅಂತ ಮೂರು ಕಡೆ ಶುದ್ಧೀಕರಣ ಘಟಕ ಕಟ್ಟಿದ್ದಾರೆ. ಮೂರೂ ಸೇರಿ ದಿನಕ್ಕೆ 15 ಕೋಟಿ ಲೀಟರಿಗೂ ಮೇಲ್ಪಟ್ಟು ನೀರು ಹಿಡಿಯುವಂತೆ ಕಟ್ಟಿದವು. ದೊಡ್ಡ ದೊಡ್ಡ ಕೊಳ, ಗಾಳಿ ಕಡೆಯುವ ಯಂತ್ರ, ಮೇಲೆ ಬಿಸಿಲು. ಅಲ್ಲಿಂದ ಬಿಟ್ಟ ನೀರು, ಘಟಕಕ್ಕೆ ಸೇರದೆ ಹಾಗೇ ಬರುವ ನೀರು, ಎರಡೂ ಕಡೆಗೆ ಹಳ್ಳ ಸೇರ್ತವೆ. ನಮ್ಮಲ್ಲಿ ಎಷ್ಟೋ ಜನ ಸೀಮೆಹುಲ್ಲು ಬೆಳೆಯುವುದು ಅಂಥ ಹಳ್ಳದ ನೀರಿನಲ್ಲೇ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಟ್ಟಾಗ ನಮ್ಮ ದನ ಬದುಕಿದ್ದು ಆ ಹುಲ್ಲಿನಿಂದ. ಅದಕ್ಕೇ ನಾನು ಆ ನೀರನ್ನು ಬಾಯಿಗೆ ಬಂದಂತೆ ಬೈಯುವವನಲ್ಲ.

ಆ ನೀರಿನಲ್ಲಿ ಏನಿದೆ ಅಂತ ಅಣ್ಣನ ಮಗಳನ್ನ ಕೇಳಿದೆ. ಮಲಮೂತ್ರ, ಸೋಪು, ಎಣ್ಣೆ ಅಂತ ಹೇಳ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ. "ಚಿಕ್ಕಪ್ಪ, ಮೈಸೂರಲ್ಲಿ ಎಷ್ಟು ಜನ ದಿನಾ ಬಿ.ಪಿ., ಶುಗರ್ ಮಾತ್ರೆ ನುಂಗ್ತಾರೆ ಹೇಳಿ?" ಅಂದಳು. ನಮ್ಮ ಮನೆಯಲ್ಲೇ ಮೂರು ಜನ ಇದ್ದಾರೆ, ನಗರದ ಲೆಕ್ಕ ನಾನೇನು ಹೇಳಲಿ. ನುಂಗಿದ ಮಾತ್ರೆ ಮೈಯಲ್ಲಿ ಕೆಲಸ ಮಾಡಿ ಮುಗಿದುಹೋಗುತ್ತೆ ಅಂತ ನಾವು ತಿಳಿದಿದ್ದೇವೆ. ಹಾಗಲ್ಲವಂತೆ. ಒಂದಷ್ಟು ಹಾಗೇ, ಒಂದಷ್ಟು ರೂಪ ಬದಲಾಯಿಸಿಕೊಂಡು ಮೂತ್ರದಲ್ಲಿ ಹೊರಗೆ ಬರುತ್ತೆ. ಮುಲಾಮು, ಸೋಪು, ಶಾಂಪು, ಟೂತ್‌ಪೇಸ್ಟು, ಮುಖಕ್ಕೆ ಹಚ್ಚುವ ಕ್ರೀಮು, ಎಲ್ಲ ಬಚ್ಚಲಿನ ದಾರಿ ಹಿಡಿಯುತ್ತೆ. ಇದು ಊಹೆಯ ಮಾತಲ್ಲ. ಮಣಿಪಾಲದ ಸಂಶೋಧಕರು ಜಪಾನಿನವರ ಜೊತೆ ಸೇರಿ ಬೆಂಗಳೂರಿನ ವೃಷಭಾವತಿ ಹೊಳೆಯಲ್ಲಿ ಆಂಟಿಬಯೋಟಿಕ್ ಔಷಧಿ ಇರುವುದನ್ನು 2013ರಲ್ಲಿ ಪ್ರಕಟಿಸಿದರು. 2021ರಲ್ಲಿ ಮದರಾಸಿನ ಐಐಟಿಯವರು ತಮಿಳುನಾಡಿನ ಭಾಗದ ಕಾವೇರಿ ನೀರನ್ನು ಪರೀಕ್ಷಿಸಿ, ನೋವಿನ ಮಾತ್ರೆಯ ಐಬುಪ್ರೊಫೇನ್, ಡೈಕ್ಲೊಫೆನಾಕ್, ಬಿ.ಪಿ.ಯ ಅಟೆನೊಲಾಲ್, ಫಿಟ್ಸ್‌ನ ಕಾರ್ಬಮಜೆಪೀನ್ ಎಲ್ಲ ಸಿಕ್ಕಿದವು ಅಂತ ಹೇಳಿದರು. ನಾವು ನೀರಿಗಾಗಿ ತಮಿಳುನಾಡಿನ ಜೊತೆ ಜಗಳ ಆಡುತ್ತೇವಲ್ಲ, ಔಷಧಿಯನ್ನಂತೂ ಯಾವ ಟ್ರಿಬ್ಯೂನಲ್ಲೂ ಹೇಳದೆ ಇಬ್ಬರೂ ಹಂಚಿಕೊಂಡಿದ್ದೇವೆ.

ಈಗ ಮುಖ್ಯ ವಿಷಯ. ಚರಂಡಿಗೆ ಬಿದ್ದ ಔಷಧಿ ಅಲ್ಲೇ ಕರಗಿ ಇಲ್ಲವಾಗುತ್ತೆ ಅನ್ನುವುದೂ ತಪ್ಪು, ಹಾಗೇ ಕಲ್ಲಿನಂತೆ ಉಳಿಯುತ್ತೆ ಅನ್ನುವುದೂ ತಪ್ಪು. ಕೆಲವು ನಿಜವಾಗಿಯೂ ನಾಶವಾಗ್ತವೆ. ನಾವೆಲ್ಲ ನುಂಗುವ ಪ್ಯಾರಾಸಿಟಮಾಲ್ ಅಂಥದ್ದು. ಘಟಕದ ಕೊಳದಲ್ಲಿರುವ ಬ್ಯಾಕ್ಟೀರಿಯಗಳು ಅದನ್ನು ಬಹುಪಾಲು ತಿಂದು ಮುಗಿಸ್ತವೆ. ಐಬುಪ್ರೊಫೇನೂ ಹೆಚ್ಚುಕಡಿಮೆ ಹಾಗೇ. ಆದರೆ ಶುಗರಿನ ಮೆಟ್‌ಫಾರ್ಮಿನ್ ನೋಡಿ. ಬ್ಯಾಕ್ಟೀರಿಯ ಅದನ್ನು ಕಡಿದು ಗ್ವಾನೈಲ್‌ಯೂರಿಯ ಅನ್ನೋ ಬೇರೆ ಒಂದು ವಸ್ತು ಮಾಡಿ ಅಲ್ಲಿಗೇ ಬಿಟ್ಟುಬಿಡ್ತವೆ. ಅದು ಬೇಗ ಕರಗುವುದಿಲ್ಲ. ಪರೀಕ್ಷೆ ಮಾಡುವವರು ಮೆಟ್‌ಫಾರ್ಮಿನ್ ಇದೆಯೇ ಅಂತ ಹುಡುಕಿದರೆ ಬಹಳ ಕಡಿಮೆ ಸಿಗುತ್ತೆ, ನೀರು ಶುದ್ಧ ಅಂತ ಬರೀತಾರೆ. ನಾವು ಇಲ್ಲೇ ಪಕ್ಕದ ಕಟ್ಟಡದಲ್ಲಿ ನೋಡಿಲ್ಲವೆ? ಪಹಣಿಯಲ್ಲಿ ಹೆಸರು ಬದಲಾಯಿತು ಅಂದರೆ ಜಮೀನು ಎದ್ದು ಎಲ್ಲಿಗೂ ಹೋಗಿಲ್ಲ. ಖಾತೆ ಬದಲಾಗಿದೆ ಅಷ್ಟೆ.

ಇನ್ನೊಂದು ಕೇಳಿ, ಇದು ನನಗೆ ನಗುವನ್ನೂ ತರಿಸಿತು, ಭಯವನ್ನೂ ಹುಟ್ಟಿಸಿತು. ಕೆಲವು ಔಷಧಿಗಳನ್ನು ಮೈಯಿಂದ ಹೊರಗೆ ಹಾಕಲು ನಮ್ಮ ಲಿವರ್ ಅದಕ್ಕೊಂದು ಸಕ್ಕರೆಯಂಥ ಅಂಶವನ್ನು ಕಟ್ಟುತ್ತೆ. ಮೂಗುದಾರ ಹಾಕಿ ಎತ್ತನ್ನ ಹೊರಕ್ಕೆ ಹೊಡೆದಂತೆ. ಮೂಗುದಾರ ಇರುವವರೆಗೂ ಆ ಔಷಧಿ ಸಾಧು, ಕೆಲಸ ಮಾಡುವುದಿಲ್ಲ. ಚರಂಡಿಗೆ ಬಂದಾಗ ಬ್ಯಾಕ್ಟೀರಿಯ ಏನು ಮಾಡ್ತವೆ? ಸಿಹಿ ಇದೆಯಲ್ಲ ಅಂತ ಮೂಗುದಾರವನ್ನೇ ತಿಂದುಬಿಡ್ತವೆ. ಎತ್ತು ಮತ್ತೆ ಬಿಡುಬೀಸು. ಅದಕ್ಕೇ ಕಾರ್ಬಮಜೆಪೀನ್‌ನಂಥ ಔಷಧಿ ಘಟಕದ ಒಳಗೆ ಹೋಗುವ ನೀರಿಗಿಂತ ಹೊರಗೆ ಬರುವ ನೀರಿನಲ್ಲೇ ಒಮ್ಮೊಮ್ಮೆ ಜಾಸ್ತಿ ಕಾಣುತ್ತಂತೆ. ಸಲ್ಫಾ ಜಾತಿಯ ಆಂಟಿಬಯೋಟಿಕ್ ಸಲ್ಫಾಮೆಥಾಕ್ಸಜೋಲ್ ಕೂಡ ಹೀಗೇ ಮೈಯಲ್ಲಿ ರೂಪ ಬದಲಿಸಿ, ಚರಂಡಿಯಲ್ಲಿ ಹಳೇ ರೂಪಕ್ಕೆ ವಾಪಸ್ ಬರುತ್ತೆ. ಶುದ್ಧೀಕರಣದವರು ಮೋಸ ಮಾಡಿದರು ಅಂತಲ್ಲ ಇದರ ಅರ್ಥ. ಆ ಘಟಕಗಳನ್ನು ಕಟ್ಟಿದ್ದೇ ಮಲಮೂತ್ರದ ಹೊಲಸು ತೆಗೆಯಲು, ಔಷಧಿ ತೆಗೆಯಲು ಅಲ್ಲ.

ಇನ್ನು ಬಿಸಿಲಿನ ವಿಷಯ. ಬಿಸಿಲು ಏನು ಮಾಡುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೇವಿನ ಕಷಾಯ ಹೊಡೆಯುವುದು ಸಂಜೆ ಹೊತ್ತು. ಮಟಮಟ ಮಧ್ಯಾಹ್ನ ಹೊಡೆದರೆ ಬಿಸಿಲಿಗೆ ಅದರ ಸತ್ವ ಹೋಗುತ್ತೆ. ಹಸುವಿಗೆ ಹಾಕುವ ಆಕ್ಸಿಟೆಟ್ರಾಸೈಕ್ಲಿನ್ ಕಂದು ಬಣ್ಣದ ಸೀಸೆಯಲ್ಲಿ ಬರುವುದೂ ಬಿಸಿಲಿಗೆ ಹೆದರಿಯೇ. ನೀರಿನಲ್ಲಿರುವ ಔಷಧಿಯನ್ನೂ ಬಿಸಿಲು ಎರಡು ದಾರಿಯಲ್ಲಿ ಮುರಿಯುತ್ತೆ. ಕೆಲವು ಔಷಧಿ ತಾವೇ ಬೆಳಕನ್ನು ಹೀರಿಕೊಂಡು ಒಡೆದುಹೋಗ್ತವೆ. ಇನ್ನು ಕೆಲವು ತಾವಾಗಿ ಒಡೆಯುವುದಿಲ್ಲ. ಕೊಳೆತ ಎಲೆಯ ಕಂದು ಬಣ್ಣದ ನೀರು ಇರುತ್ತಲ್ಲ ಆ ಕಂದು ಅಂಶ, ಮತ್ತೆ ನಮ್ಮ ಗೊಬ್ಬರದ ನೈಟ್ರೇಟು, ಇವು ಬೆಳಕು ಕುಡಿದು ಆಮ್ಲಜನಕದ ಉಗ್ರ ಕಣಗಳನ್ನು ಹುಟ್ಟಿಸ್ತವೆ, ಆ ಕಣಗಳು ಪಕ್ಕದಲ್ಲಿ ಸಿಕ್ಕಿದ ಔಷಧಿಯನ್ನು ಕಚ್ಚಿ ಮುರೀತವೆ. ಆದರೆ ನೀರು ರಾಡಿಯಾಗಿದ್ದರೆ ಬಿಸಿಲು ಮೇಲಿನ ಪದರ ದಾಟಿ ಇಳಿಯುವುದಿಲ್ಲ. ತಳದಲ್ಲಿ ಕತ್ತಲೆ, ಅಲ್ಲಿ ಯಾವ ಕೆಲಸವೂ ನಡೆಯಲ್ಲ. ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಔಷಧಿಯನ್ನು ತಿಳಿ ನೀರಿನಲ್ಲಿ ಬಿಸಿಲು ಬೇಗ ಮುರಿಯುತ್ತೆ. ಆದರೆ ಅದು ಹೋಗಿ ಗಸಿಗೆ ಅಂಟಿಕೊಂಡು ಕೂತರೆ ಬಿಸಿಲಿಗೆ ಸಿಕ್ಕುವುದೆಲ್ಲಿ? ಆ ಗಸಿಯನ್ನೇ ನಮ್ಮವರು ಟ್ರ್ಯಾಕ್ಟರಿಗೆ ತುಂಬಿ ಗೊಬ್ಬರ ಅಂತ ಹೊಲಕ್ಕೆ ಹಾಕ್ತಾರೆ.

ಸ್ವಿಟ್ಜರ್ಲೆಂಡಿನಲ್ಲಿ ಗ್ರೈಫನ್‌ಸೀ ಅಂತ ಒಂದು ಸರೋವರ. ಅದಕ್ಕೆ ಬಂದು ಬೀಳುವ ಡೈಕ್ಲೊಫೆನಾಕ್ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ಸರೋವರದಲ್ಲೇ ಇಲ್ಲವಾಗುತ್ತೆ, ಅದಕ್ಕೆ ಬಿಸಿಲೇ ಮುಖ್ಯ ಕಾರಣ ಅಂತ ಅಲ್ಲಿನ ವಿಜ್ಞಾನಿಗಳು 1998ರಲ್ಲಿ ತೋರಿಸಿದರು. ಅಲ್ಲಿನ ಬಿಸಿಲೇ ಅಷ್ಟು ಮಾಡಿದರೆ ನಮ್ಮ ಏಪ್ರಿಲ್ ಬಿಸಿಲು ಎಷ್ಟು ಮಾಡಬೇಡ ಅಂತ ನನಗೆ ಖುಷಿಯಾಯಿತು. ಅಣ್ಣನ ಮಗಳು ಖುಷಿಪಡಲು ಬಿಡಲಿಲ್ಲ. ಇಲ್ಲವಾಯಿತು ಅಂದರೆ ಅದರಲ್ಲಿದ್ದ ಕ್ಲೋರಿನ್ ಬಿಟ್ಟುಹೋಗಿ ಬೇರೆ ವಸ್ತು ಆಯಿತು ಅಂತ ಅರ್ಥ. ಪಾಚಿಯ ಮೇಲೆ ನಡೆದ ಪ್ರಯೋಗವೊಂದರಲ್ಲಿ ಬಿಸಿಲಿಗೆ ಒಡ್ಡಿದ ಡೈಕ್ಲೊಫೆನಾಕ್ ಮೂಲ ಔಷಧಿಗಿಂತ ಹೆಚ್ಚು ಕೆಡುಕು ಮಾಡಿತಂತೆ. ಸೋಪಿಗೆ, ಪೇಸ್ಟಿಗೆ ಹಾಕುವ ಟ್ರೈಕ್ಲೊಸಾನ್ ಕಥೆಯೂ ಹೀಗೇ. ಘಟಕದಲ್ಲಿ ಅದರ ಒಂದಷ್ಟು ಭಾಗ ಮೀಥೈಲ್ ಟ್ರೈಕ್ಲೊಸಾನ್ ಆಗಿ ಮೀನಿನ ಕೊಬ್ಬಿನಲ್ಲಿ ಸೇರುತ್ತೆ, ಬಿಸಿಲಿನಲ್ಲಿ ಒಂದಷ್ಟು ಭಾಗ ಡಯಾಕ್ಸಿನ್ ಜಾತಿಯ ವಸ್ತುವಾಗುತ್ತೆ. ಡಯಾಕ್ಸಿನ್‌ಗಳಲ್ಲೇ ಅತಿ ಘೋರವಾದದ್ದು ಇದಲ್ಲ, ಆದರೂ ಕೈ ತೊಳೆಯುವ ಸೋಪಿನಿಂದ ಇದು ಬರುತ್ತೆ ಅಂತ ಯಾರು ಅಂದುಕೊಳ್ತಾರೆ? 2016ರಲ್ಲಿ ಅಮೆರಿಕದವರು ಕೈ ಸೋಪು, ಮೈ ಸೋಪುಗಳಲ್ಲಿ ಟ್ರೈಕ್ಲೊಸಾನ್ ಹಾಕಕೂಡದು ಅಂದರು. ಸಾದಾ ಸೋಪಿಗಿಂತ ಅದರಿಂದ ಹೆಚ್ಚಿನ ಲಾಭ ಇದೆ ಅಂತ ಕಂಪನಿಗಳು ತೋರಿಸಿಕೊಡಲಿಲ್ಲ ಅನ್ನುವುದು ಅವರು ಕೊಟ್ಟ ಕಾರಣ.

ಎಲ್ಲಕ್ಕಿಂತ ವಿಚಿತ್ರ ಟ್ರೆನ್‌ಬೊಲೋನ್. ಅಮೆರಿಕದಲ್ಲಿ ಮಾಂಸದ ದನ ಬೇಗ ಕೊಬ್ಬಲಿ ಅಂತ ಕೊಡುವ ಹಾರ್ಮೋನು. ದನದ ಸಗಣಿ, ಗಂಜಲದಿಂದ ನೀರಿಗೆ ಬಂದ ಅದರ ಅಂಶ ಹಗಲು ಬಿಸಿಲಿಗೆ ಒಡೆದುಹೋಗುತ್ತೆ. ಸಂಜೆ ನೋಡಿದರೆ ಇಲ್ಲ. ಕತ್ತಲಾದ ಮೇಲೆ ಒಡೆದ ಒಂದಷ್ಟು ಭಾಗ ಮತ್ತೆ ಮೊದಲಿನ ರೂಪಕ್ಕೇ ಬಂದುಬಿಡುತ್ತೆ. 2013ರಲ್ಲಿ ಇದನ್ನು ಕಂಡುಹಿಡಿದರು. ನನಗೆ ಜರಾಸಂಧನ ನೆನಪಾಯಿತು. ಭೀಮ ಸೀಳಿ ಸೀಳಿ ಹಾಕಿದರೂ ಎರಡು ಹೋಳು ಬಂದು ಕೂಡಿಕೊಳ್ತಿತ್ತಲ್ಲ. ಹಗಲು ನೀರು ತುಂಬಿಕೊಂಡು ಹೋಗಿ ಪರೀಕ್ಷೆ ಮಾಡಿದವರಿಗೆ ಜರಾಸಂಧ ಸತ್ತ ಹಾಗೇ ಕಾಣ್ತಾನೆ.

ಇವೆಲ್ಲ ದೂರದ ಮಾತು ಅನ್ನಬಹುದು. ನಮ್ಮ ಕೊಟ್ಟಿಗೆಯ ಮಾತಿಗೆ ಬರ್ತೇನೆ. ಹಿಂದೆ ದನ ಸತ್ತರೆ ಊರಾಚೆ ಎಳೆದು ಹಾಕಿದ ಹೊತ್ತಿಗೆ ರಣಹದ್ದು ಸುತ್ತುತ್ತಿದ್ದವು ಅಂತ ನಮ್ಮ ಹಿರಿಯರು ಹೇಳ್ತಾರೆ. ಈಗ ಹುಡುಗರಿಗೆ ರಣಹದ್ದು ನೋಡಬೇಕಾದರೆ ರಾಮನಗರದ ರಾಮದೇವರಬೆಟ್ಟಕ್ಕೆ ಹೋಗಬೇಕು, ಅದನ್ನು 2012ರಲ್ಲಿ ರಣಹದ್ದುಗಳ ಧಾಮ ಅಂತ ಮಾಡಿದರು. ಹದ್ದುಗಳನ್ನು ಕೊಂದದ್ದು ಬೇಟೆಗಾರರಲ್ಲ, ಡೈಕ್ಲೊಫೆನಾಕ್. ದನಕ್ಕೆ ನೋವು ಅಂತ ಕೊಟ್ಟ ಇಂಜೆಕ್ಷನ್ನು, ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿತು. ಇಂಡಿಯಾದಲ್ಲಿ 1992ರಿಂದ 2007ರ ಒಳಗೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಮೇಲೆ ನಾಶವಾಯಿತು. 2006ರಲ್ಲಿ ದನಗಳಿಗೆ ಡೈಕ್ಲೊಫೆನಾಕ್ ನಿಷೇಧ ಆಯಿತು. ಆಮೇಲೆ ಏನಾಯಿತು? ಮನುಷ್ಯರಿಗೆ ಬರುವ ದೊಡ್ಡ ಸೀಸೆ ತಂದು ದನಕ್ಕೆ ಚುಚ್ಚಿದರು. ಅದಕ್ಕೇ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನು 3 ಮಿಲಿ ಸೀಸೆಗೆ ಇಳಿಸಿದರು. ಆಗ ಅಸಿಕ್ಲೊಫೆನಾಕ್ ಬಂತು. ಹೆಸರು ಬೇರೆ, ಡಬ್ಬಿ ಬೇರೆ. ದನದ ಮೈಯೊಳಗೆ ಹೋದ ಮೇಲೆ ಅದು ಡೈಕ್ಲೊಫೆನಾಕೇ ಆಗುತ್ತೆ. ಬೇನಾಮಿ ಆಸ್ತಿ ಅಂತೀವಲ್ಲ ಅದೇ. 2023ರಲ್ಲಿ ಅದನ್ನೂ, ಕೀಟೊಪ್ರೊಫೆನ್ನನ್ನೂ ದನಗಳಿಗೆ ನಿಷೇಧಿಸಿದರು. ಮೆಲಾಕ್ಸಿಕಾಮ್ ಅನ್ನೋ ಔಷಧಿ ಅದೇ ನೋವಿಗೆ ಆಗುತ್ತೆ, ಹದ್ದಿಗೆ ತೊಂದರೆ ಇಲ್ಲ ಅಂತ ಪರೀಕ್ಷೆಯಾಗಿದೆ. ನಮ್ಮ ಸದಸ್ಯರು ಯಾರೂ ಮೆಡಿಕಲ್ ಅಂಗಡಿಯಿಂದ ಮನುಷ್ಯರ ನೋವಿನ ಇಂಜೆಕ್ಷನ್ ತಂದು ಕಾಂಪೌಂಡರ್ ಕೈಲಿ ಹಾಕಿಸಬೇಡಿ. ಡಾಕ್ಟರನ್ನು ಹೆಸರು ಹೇಳಿ ಮೆಲಾಕ್ಸಿಕಾಮ್ ಕೇಳಿ.

ಈಗ ನನ್ನದೇ ಒಂದು ತಪ್ಪು ಹೇಳಬೇಕು. ಇದನ್ನು ಹೇಳಲೋ ಬೇಡವೋ ಅಂತ ರಾತ್ರಿಯೆಲ್ಲ ಯೋಚನೆ ಮಾಡಿದೆ.

ನಮ್ಮ ಅಪ್ಪನಿಗೆ ಫಿಟ್ಸ್ ಇತ್ತು ಅನ್ನುವುದು ಊರಿಗೇ ಗೊತ್ತು. ಬಹಳ ವರ್ಷ ದಿನಕ್ಕೆ ಎರಡು ಹೊತ್ತು ಕಾರ್ಬಮಜೆಪೀನ್ ಮಾತ್ರೆ ತಗೊಳ್ತಿದ್ದರು. ಆ ಮಾತ್ರೆಯಿಂದಲೇ ಅವರು ಹೊಲ ಮಾಡಿದ್ದು, ನಮ್ಮನ್ನು ಸಾಕಿದ್ದು. ಆ ಔಷಧಿಯ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪ ತೀರಿಕೊಂಡಾಗ ಮನೆಯಲ್ಲಿ ತಿಂಗಳಿಗೆ ಆಗುವಷ್ಟು ಮಾತ್ರೆ ಉಳಿದಿತ್ತು. "ಅವರ ಮಾತ್ರೆ ಮನೇಲಿ ಕಣ್ಣಿಗೆ ಬೀಳೋದು ಬ್ಯಾಡ ಕಣಪ್ಪ" ಅಂದರು ಅವ್ವ. ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದಾಗ ಅದನ್ನೂ ಚೀಲದಲ್ಲಿ ತಗೊಂಡು ಹೋದೆ. ಪ್ಲಾಸ್ಟಿಕ್ಕು ಹೊಳೆಗೆ ಹಾಕಬಾರದು ಅನ್ನುವ ಬುದ್ಧಿ ನನಗಿತ್ತು. ಅದಕ್ಕೇ ಮೆಟ್ಟಿಲ ಮೇಲೆ ಕೂತು ಒಂದೊಂದೇ ಮಾತ್ರೆ ಬಿಡಿಸಿ ಬಿಡಿಸಿ ನೀರಿಗೆ ಹಾಕಿದೆ, ಖಾಲಿ ಶೀಟುಗಳನ್ನು ಜೇಬಿಗೆ ಹಾಕಿಕೊಂಡು ಬಂದೆ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಇದನ್ನು ಅಣ್ಣನ ಮಗಳಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ತಾತ ನುಂಗಿದ್ದಿದ್ರೆ ಮೂತ್ರದಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ಹಾಗೇ ಬರ್ತಿತ್ತು ಚಿಕ್ಕಪ್ಪ. ನೀವು ನೂರಕ್ಕೆ ನೂರೂ ಹಾಕಿದ್ರಿ." ನೀರಿನಲ್ಲಿ ಅತಿ ಗಟ್ಟಿಯಾಗಿ ಉಳಿಯುವ ಔಷಧಿಗಳಲ್ಲಿ ಅದೂ ಒಂದಂತೆ. ಬ್ಯಾಕ್ಟೀರಿಯ ಅದನ್ನು ಮುಟ್ಟುವುದೇ ಕಡಿಮೆ, ಬಿಸಿಲಿಗೂ ನಿಧಾನಕ್ಕೆ ಒಡೆಯುತ್ತೆ, ಒಡೆದಾಗ ಬರುವ ವಸ್ತುಗಳಲ್ಲಿ ಅಕ್ರಿಡೀನ್ ಅನ್ನೋ ವಿಷವಸ್ತುವೂ ಒಂದು. ಹೊಳೆಯಲ್ಲಿ ಊರಿನ ಕೊಳಚೆ ಸೇರಿದೆಯೋ ಇಲ್ಲವೋ ಅಂತ ತಿಳಿಯಲು ವಿಜ್ಞಾನಿಗಳು ಮೊದಲು ಹುಡುಕುವ ಗುರುತುಗಳಲ್ಲಿ ಈ ಔಷಧಿಯೂ ಸೇರಿದೆ.

ಗಿಡ ಅದನ್ನು ನೀರಿನ ಜೊತೆ ಹೀರುತ್ತೆ, ಎಲೆಯಲ್ಲಿ ಕೂಡಿಡುತ್ತೆ. ಇಸ್ರೇಲಿನಲ್ಲಿ ಶುದ್ಧೀಕರಿಸಿದ ಚರಂಡಿ ನೀರಿನಲ್ಲಿ ತರಕಾರಿ ಬೆಳೆಯುವುದು ಬಹಳ. 2016ರಲ್ಲಿ ಅಲ್ಲಿ 34 ಜನ ಆರೋಗ್ಯವಂತರಿಗೆ ಆ ತರಕಾರಿ ಕೊಟ್ಟು ನೋಡಿದರು, ಅವರ ಮೂತ್ರದಲ್ಲಿ ಕಾರ್ಬಮಜೆಪೀನ್ ಏರಿತು. ಒಳ್ಳೆ ನೀರಿನ ತರಕಾರಿ ಕೊಟ್ಟಾಗ ಇಳಿಯಿತು. ಹೆದರಿಸಲು ಹೇಳ್ತಿಲ್ಲ. ಆ ಪ್ರಮಾಣ ಮಾತ್ರೆ ನುಂಗುವವರಿಗೆ ಹೋಲಿಸಿದರೆ ಬಹಳ ಬಹಳ ಕಡಿಮೆ. ಸೀಮೆಹುಲ್ಲಿನಿಂದ ನಮ್ಮ ಹಾಲಿಗೆ ಬರುತ್ತೆ ಅಂತಲೂ ನಾನು ಹೇಳ್ತಾ ಇಲ್ಲ, ನಾಳೆ ಯಾರೂ ಸಂಘದ ಹಾಲಿನ ಹೆಸರು ಕೆಡಿಸಬೇಡಿ. ಆದರೆ ಹಳ್ಳದ ನೀರಿನಲ್ಲಿ ಕೊತ್ತಂಬರಿ, ಪಾಲಕ್, ಹಸಿಯಾಗಿ ತಿನ್ನುವ ಸೊಪ್ಪು ಬೆಳೆದು ದೇವರಾಜ ಮಾರುಕಟ್ಟೆಗೆ ಕಳಿಸುವುದನ್ನು ಬಿಡೋಣ. ಮೈಸೂರಿನವರು ಮಾತ್ರೆ ಕಳಿಸಿದರು, ನಾವು ಸೊಪ್ಪಿನಲ್ಲಿ ಸುತ್ತಿ ವಾಪಸ್ ಕಳಿಸಿದೆವು ಅನ್ನುವಂತೆ ಆಗುವುದು ಬೇಡ.

ನೀರಿನ ಪರೀಕ್ಷೆ ಆಗಿದೆ, ಸರಿ ಇದೆ ಅಂತ ಕಾಗದ ತೋರಿಸುವವರು ಇದ್ದಾರೆ. ಅದು ಸುಳ್ಳು ಕಾಗದ ಅಲ್ಲ. ಬಿ.ಓ.ಡಿ., ಸಿ.ಓ.ಡಿ., ತೇಲುವ ಕಸ, ಮಲದ ಬ್ಯಾಕ್ಟೀರಿಯ, ಇವನ್ನು ನೋಡಿ ಬರೆದದ್ದು. ಔಷಧಿಯ ಹೆಸರೇ ಆ ಪಟ್ಟಿಯಲ್ಲಿಲ್ಲ. ಔಷಧಿ ತಯಾರಿಸುವ ಕಾರ್ಖಾನೆಗಳು ಬಿಡುವ ನೀರಿನಲ್ಲಿ ಆಂಟಿಬಯೋಟಿಕ್ ಇಷ್ಟೇ ಇರಬೇಕು ಅಂತ ಕೇಂದ್ರ ಸರ್ಕಾರ 2020ರಲ್ಲಿ ಕರಡು ನಿಯಮ ತಂದಿತ್ತು, 2021ರಲ್ಲಿ ನಿಯಮ ಹೊರಬಂದಾಗ ಆ ಮಿತಿ ಅದರಲ್ಲಿರಲಿಲ್ಲ. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗ್ತಾ ಇದೆ. ಒಣಗಿದ್ದ ಆ ಸೀಮೆಯ ರೈತರಿಗೆ ಅದರಿಂದ ಅನುಕೂಲವೂ ಆಗಿದೆ. ನಾಳೆ ನಮಗೂ ಅಂಥ ನೀರು ಕೊಡ್ತೇವೆ ಅಂತ ಬಂದರೆ ಬೇಡ ಅನ್ನುವ ಸ್ಥಿತಿಯಲ್ಲಿ ನಾವಿಲ್ಲ. ಕೇಳಿ ತಗೊಳ್ಳೋಣ ಅಂತ ನನ್ನ ಅಭಿಪ್ರಾಯ. ಪಟ್ಟಿಯಲ್ಲಿ ನಾಲ್ಕೈದು ಔಷಧಿ ಹೆಸರು ಸೇರಿಸಿ, ಅವು ಬದಲಾದ ಮೇಲಿನ ಹೆಸರೂ ಸೇರಿಸಿ, ಹಗಲೊಮ್ಮೆ ರಾತ್ರಿಯೊಮ್ಮೆ ನೀರು ತುಂಬಿಕೊಂಡು ಹೋಗಿ ನೋಡಿ ಅಂತ ಸಂಘದಿಂದ ಬರೆದು ಕೊಡೋಣ. ಒಬ್ಬ ರೈತ ಬರೆದರೆ ಕಡತದಲ್ಲಿ ಮಲಗುತ್ತೆ. ಸಂಘದ ಠರಾವಿಗೆ ಕನಿಷ್ಠ ಒಂದು ಉತ್ತರವಾದರೂ ಬರುತ್ತೆ.

ನೀರನ್ನು ನಾವೇ ಇನ್ನಷ್ಟು ಬಿಸಿಲಿಗೆ ಬಿಡಬಹುದೇ ಅಂತಲೂ ಕೇಳಿದೆ. ಕ್ಯಾಲಿಫೋರ್ನಿಯಾದಲ್ಲಿ ಒಂದಡಿಯೂ ಆಳವಿಲ್ಲದ ಅಗಲವಾದ ಕೊಳ ಮಾಡಿ, ಶುದ್ಧೀಕರಿಸಿದ ನೀರನ್ನು ಅದರಲ್ಲಿ ನಿಧಾನವಾಗಿ ಹರಿಸಿ ನೋಡಿದ್ದಾರಂತೆ. ಮೇಲಿನಿಂದ ಬಿಸಿಲು, ತಳದಲ್ಲಿ ಹಬ್ಬುವ ಪಾಚಿ ಮತ್ತು ಬ್ಯಾಕ್ಟೀರಿಯದ ಚಾಪೆ, ಎರಡೂ ಸೇರಿ ಬಹಳಷ್ಟು ಔಷಧಿ ಕಡಿಮೆ ಮಾಡ್ತವೆ, ಕಾರ್ಬಮಜೆಪೀನ್ ಮಾತ್ರ ಅಲ್ಲೂ ಹಠಮಾರಿ. ಇದಕ್ಕೆ ಜಾಗ ಬೇಕು. ಹಳ್ಳದ ಪಕ್ಕದ ಗೋಮಾಳದಲ್ಲಿ ಎಷ್ಟು ಉಳಿದಿದೆ ಅನ್ನುವುದನ್ನು ನಾನು ಈ ಸಭೆಯಲ್ಲಿ ಬಿಡಿಸಿ ಹೇಳಲಾರೆ, ಒತ್ತುವರಿ ಮಾಡಿದವರೂ ನಮ್ಮ ಷೇರುದಾರರೇ.

ಇನ್ನು ಉಳಿದ ಮಾತ್ರೆ, ಅರ್ಧ ಮುಗಿದ ದನದ ಔಷಧಿ ಸೀಸೆ. ತಿಪ್ಪೆಗೂ ಬೇಡ, ಬಚ್ಚಲಿಗೂ ಬೇಡ. ಪಕ್ಕದ ಕೇರಳದಲ್ಲಿ 2025ರಲ್ಲಿ ಕೋಯಿಕ್ಕೋಡಿನಿಂದ ಶುರುಮಾಡಿ ಉಳಿದ ಔಷಧಿಯನ್ನು ಮನೆಗಳಿಂದ, ಅಂಗಡಿಗಳಿಂದ ವಾಪಸ್ ತಗೊಂಡು ಸುಡುವ ವ್ಯವಸ್ಥೆ ಮಾಡಿದ್ದಾರೆ. ನಮ್ಮ ಡೇರಿಯ ಒಳಗೆ, ಫ್ಯಾಟ್ ನೋಡುವ ಮೇಜಿನ ಪಕ್ಕ ಒಂದು ಬೀಗ ಹಾಕಿದ ಡಬ್ಬ ಇಡೋಣ. ಮಕ್ಕಳ ಕೈಗೆ ಸಿಗಬಾರದು. ದಿನಕ್ಕೆ ಎರಡು ಸಾರಿ ಬರ್ತೀರಿ, ಬರುವಾಗ ತಂದು ಹಾಕಿ. ತುಂಬಿದ ಡಬ್ಬವನ್ನು ಆಸ್ಪತ್ರೆ ತ್ಯಾಜ್ಯ ಸುಡುವವರಿಗೆ ಸೇರಿಸಲು ಪಶು ವೈದ್ಯರ ಜೊತೆ ಮಾತನಾಡಬೇಕು. ಇನ್ನೂ ಮಾತನಾಡಿಲ್ಲ, ಮುಂದಿನ ವಾರ ಹೋಗ್ತೇನೆ, ಜೊತೆಗೆ ಯಾರಾದರೂ ಇಬ್ಬರು ಬನ್ನಿ. ಡಬ್ಬದ ಖರ್ಚು ನನ್ನದು. ಅಪ್ಪನ ಹೆಸರು ಅದರ ಮೇಲೆ ಬರೆಸಬೇಕು ಅಂತ ಅವ್ವ ಅಂದರು, ನಾನು ಬೇಡ ಅಂದೆ. ಅದನ್ನು ಸಭೆಯೇ ತೀರ್ಮಾನ ಮಾಡಲಿ.

ಅಧ್ಯಕ್ಷರು ಗಡಿಯಾರ ನೋಡ್ತಿದ್ದಾರೆ, ಅಡುಗೆಯವರೂ ಎರಡು ಸಾರಿ ಇಣುಕಿ ಹೋದರು. ಪ್ರಶ್ನೆ ಇದ್ದವರು ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತುಕೊಳ್ಳಿ.